ಹೋರಿ ಮಾರಿ ಕಂಪ್ಯೂಟರ್ ತರಬೇಕಾ? ಚೆಸ್ ಯಂತ್ರಗಳನ್ನು ಅಳೆದವರ ಕಥೆ

ಕಳೆದ ಮಳೆಗಾಲದಲ್ಲಿ ತಾಲ್ಲೂಕು ಮಟ್ಟದ ಶಾಲಾ ಚೆಸ್ ಪಂದ್ಯದ ಸುದ್ದಿ ಮಾಡಲು ಹೋಗಿದ್ದೆ. ಫೋಟೊ ತೆಗೆದುಕೊಂಡು ಹೊರಡುವಷ್ಟರಲ್ಲಿ ರೈತರೊಬ್ಬರು ತಡೆದರು. ಮಗಳು ಎಂಟನೇ ಕ್ಲಾಸು, ಆ ದಿನ ಎರಡನೇ ಬಹುಮಾನ ಬಂದಿತ್ತು.

"ಸಾರ್, ಪೇಟೆಯಲ್ಲಿ ಚೆಸ್ ಹೇಳಿಕೊಡೋರು ಫೋನಲ್ಲಿರೋದು ಬರೀ ಆಟಿಕೆ, ಕಂಪ್ಯೂಟರ್ ತಗೊಳ್ಳಿ ಅಂತಾರೆ. ಜೋಡಿ ಹೋರಿ ಕೊಟ್ಟರೆ ದುಡ್ಡು ಹೊಂದುತ್ತೆ. ಕೊಡಲಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಟೈಮ್ ಕೇಳಿದೆ. ಆ ವಾರ ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರ ಚೆಸ್ ಆಡುವುದು ಹೊಸದಲ್ಲ. 1976ರಲ್ಲಿ ಪೀಟರ್ ಜೆನ್ನಿಂಗ್ಸ್ ಎಂಬವರು ಸುಮಾರು ಒಂದು ಕಿಲೋಬೈಟ್ ಜಾಗದಲ್ಲಿ ಹಿಡಿಸುವ 'ಮೈಕ್ರೋಚೆಸ್' ಬರೆದರು. ನಿಮ್ಮ ವಾಟ್ಸ್ಆ್ಯಪ್‌ಗೆ ಬರುವ ಗುಡ್ ಮಾರ್ನಿಂಗ್ ಫೋಟೊ ಇದರ ನೂರು ಪಟ್ಟು ದೊಡ್ಡದಿರುತ್ತದೆ. ಮರುವರ್ಷ ಅಮೆರಿಕದ ಫಿಡೆಲಿಟಿ ಕಂಪನಿ ಚೆಸ್ ಆಡುವುದಕ್ಕೆಂದೇ ಮಾಡಿದ ಪೆಟ್ಟಿಗೆಯನ್ನು ಅಂಗಡಿಗೆ ತಂದಿತು. ಆಮೇಲೆ ಮೆಫಿಸ್ಟೊ, ನೊವಾಗ್ ಎಂದು ಸಾಲು ಸಾಲು ಬಂದವು.

ಪ್ರಶ್ನೆ ಶುರುವಾಗಿದ್ದೇ ಅಲ್ಲಿ. ಯಾವ ಪೆಟ್ಟಿಗೆ ಚೆನ್ನಾಗಿ ಆಡುತ್ತದೆ? ಮಾರುವವನನ್ನು ಕೇಳಿದರೆ ತನ್ನದೇ ಅನ್ನುತ್ತಾನೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಬಹುದು, ಚೆಸ್ ಪೆಟ್ಟಿಗೆಗೆ ಯಾವ ಹಲ್ಲು?

ಮನುಷ್ಯರನ್ನು ಅಳೆಯುವ ಕೋಲು ಆಗಲೇ ಇತ್ತು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತಶಾಸ್ತ್ರದ ಮೇಷ್ಟ್ರು ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತ್ತು. ಇಬ್ಬರ ನಡುವೆ 200 ಪಾಯಿಂಟ್ ಅಂತರವಿದ್ದರೆ, ನೂರು ಆಟದಲ್ಲಿ ಮೇಲಿನವನು ಸುಮಾರು 76 ಅಂಕ ಗಳಿಸುತ್ತಾನೆ ಎಂಬುದು ಅದರ ಲೆಕ್ಕ. ಇದನ್ನೇ ಯಂತ್ರಗಳಿಗೂ ಹಚ್ಚಲು ಸ್ವೀಡನ್ನಿನ ಹವ್ಯಾಸಿಗಳು ಮುಂದಾದರು. ಅವರ ಸಂಘದ ಹೆಸರು ಚಿಕ್ಕದಾಗಿ ಎಸ್‌ಎಸ್‌ಡಿಎಫ್. 1984ರಿಂದ ರೇಟಿಂಗ್ ಪಟ್ಟಿ ಪ್ರಕಟಿಸುತ್ತ ಬಂದರು.

ಇವರ ಕೆಲಸ ಓದುವಾಗ ನನಗೆ ನಮ್ಮೂರ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವರ ನೆನಪಾಯಿತು. ಎರಡು ಪೆಟ್ಟಿಗೆ ಎದುರುಬದುರು ಇಟ್ಟು, ಇದು ಆಡಿದ ನಡೆಯನ್ನು ಕೈಯಿಂದ ಅದರ ಮೇಲೆ ಒತ್ತಬೇಕು, ಅದರ ಉತ್ತರವನ್ನು ತಂದು ಇದರ ಮೇಲೆ ಒತ್ತಬೇಕು. 40 ನಡೆಗೆ ಎರಡು ಗಂಟೆ ಸಮಯ. ಒಂದು ಆಟಕ್ಕೆ ಅರ್ಧ ದಿನ ಹೋಗುತ್ತದೆ. ಯಾರೂ ಸಂಬಳ ಕೊಡುವುದಿಲ್ಲ. ಹೀಗೆ ಸಾವಿರಾರು ಆಟ ಆಡಿಸಿದರು. ಎರಡು ಯಂತ್ರಗಳ ನಡುವೆ ತಂತಿ ಹಾಕಿ ತಾವಾಗಿಯೇ ಆಡುವಂತೆ ಮಾಡುವ ಸೌಕರ್ಯ ಬಂದದ್ದು ಆಮೇಲೆ.

ಯಾಕಷ್ಟು ಆಟ? ಇದು ಮುಖ್ಯ, ಸ್ವಲ್ಪ ನಿಂತು ನೋಡಿ. ಹತ್ತು ಆಟದಲ್ಲಿ ಆರು ಗೆದ್ದರೆ ಅದು ಅದೃಷ್ಟವೂ ಇರಬಹುದು. ನೂರು ಆಟ ಆಡಿಸಿದ ಮೇಲೂ ರೇಟಿಂಗ್ ಸುಮಾರು 50-60 ಪಾಯಿಂಟ್ ಆಚೀಚೆ ಇರಬಹುದು. ಆ ಅನುಮಾನವನ್ನು ಅರ್ಧಕ್ಕೆ ಇಳಿಸಲು ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಆಟ ಬೇಕು. ಹತ್ತು ಪಾಯಿಂಟ್ ಒಳಗೆ ತರಬೇಕಾದರೆ ಮೂರು ಸಾವಿರದ ಹತ್ತಿರ.

ಇನ್ನೊಂದು ತೊಡಕು ಸಮಯದ್ದು. 1998ರಲ್ಲಿ ನಮ್ಮ ವಿಶ್ವನಾಥನ್ ಆನಂದ್ ಇಟಲಿಯ ಇಸ್ಕಿಯಾದಲ್ಲಿ ರೆಬೆಲ್ 10 ಎಂಬ ಪ್ರೋಗ್ರಾಂ ಎದುರು ಎಂಟು ಆಟ ಆಡಿದರು. ಅದು ಓಡುತ್ತಿದ್ದುದು ಮೇಜಿನ ಮೇಲಿಡುವ ಮಾಮೂಲಿ ಕಂಪ್ಯೂಟರಿನಲ್ಲಿ. ಒಟ್ಟು 5-3ರಿಂದ ಗೆದ್ದದ್ದು ಯಂತ್ರವೇ. ಆದರೆ ಬಿಡಿಸಿ ನೋಡಿದರೆ, ಐದು ನಿಮಿಷದ ಬ್ಲಿಟ್ಸ್‌ನಲ್ಲಿ ಯಂತ್ರ 3-1ರಿಂದ ಮುಂದು, ನಿಧಾನದ ಎರಡು ಆಟದಲ್ಲಿ ಆನಂದ್ ಒಂದೂವರೆ-ಅರ್ಧದಿಂದ ಮುಂದು. ಅದೇ ಮನುಷ್ಯ, ಅದೇ ಯಂತ್ರ, ಗಡಿಯಾರ ಮಾತ್ರ ಬೇರೆ. ಹಾಗಾಗಿ 'ಈ ಆ್ಯಪ್ 2000 ರೇಟಿಂಗ್' ಎಂದು ಯಾರಾದರೂ ಅಂದರೆ, ಎಷ್ಟು ಸಮಯದಲ್ಲಿ, ಯಾರ ವಿರುದ್ಧ ಆಡಿಸಿ ಅಳೆದದ್ದು ಎಂದು ಕೇಳಲೇಬೇಕು.

ಸ್ವೀಡನ್ನಿನವರಿಗೂ ಇದರ ಬಿಸಿ ತಟ್ಟಿದೆ. ಯಂತ್ರ ಯಂತ್ರದ ಜೊತೆಯೇ ಆಡಿ ಆಡಿ ಪಟ್ಟಿಯ ಅಂಕಿಗಳು ಮನುಷ್ಯರ ಅಳತೆಗಿಂತ ಮೇಲೆ ಹೋಗಿವೆ ಅನ್ನಿಸಿ, 2000ನೇ ಇಸವಿಯಲ್ಲಿ ಇಡೀ ಪಟ್ಟಿಯನ್ನೇ 100 ಪಾಯಿಂಟ್ ಇಳಿಸಿದರು. ತಪ್ಪು ತಿದ್ದುಪಡಿ ಹಾಕಲು ಹಿಂದೆ ಮುಂದೆ ನೋಡುವ ನಮ್ಮ ಪತ್ರಿಕೆಯವರು ಕಲಿಯಬೇಕು (ನನ್ನನ್ನೂ ಸೇರಿಸಿ).

ಈಗ ಫೋನಿನ ವಿಷಯಕ್ಕೆ ಬರೋಣ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ನ್ಯೂಯಾರ್ಕಿನಲ್ಲಿ ಸೋಲಿಸಿದ ಐಬಿಎಂನ ಡೀಪ್ ಬ್ಲೂ ಆಳೆತ್ತರದ ಎರಡು ಬೀರುಗಳಷ್ಟಿತ್ತು. ಒಳಗೆ ಚೆಸ್‌ಗೆಂದೇ ಮಾಡಿದ 480 ಚಿಪ್. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಹುಡುಕುತ್ತಿತ್ತು.

ಹನ್ನೆರಡು ವರ್ಷ ದಾಟಿ, 2009ರ ಆಗಸ್ಟ್. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಕೋಪಾ ಮರ್ಕೋಸುರ್ ಪಂದ್ಯಾವಳಿ. ಅದರಲ್ಲಿ 'ಪಾಕೆಟ್ ಫ್ರಿಟ್ಜ್ 4' ಕೂಡ ಒಬ್ಬ ಆಟಗಾರ. ಅದು ಇದ್ದದ್ದು ಎಚ್‌ಟಿಸಿ ಟಚ್ ಎಚ್‌ಡಿ ಎಂಬ ಮೊಬೈಲ್ ಫೋನಿನಲ್ಲಿ, 528 ಮೆಗಾಹರ್ಟ್ಸ್ ಪ್ರೊಸೆಸರ್. ಇವತ್ತು ನಿಮ್ಮ ಕೈಲಿರುವ ಫೋನಿನ ಮುಂದೆ ಅದು ಬಡವ. ಹತ್ತು ಆಟದಲ್ಲಿ ಒಂಬತ್ತು ಗೆದ್ದು, ಒಂದು ಡ್ರಾ ಮಾಡಿಕೊಂಡಿತು. ಆ ಪಂದ್ಯಾವಳಿಯಲ್ಲಿ ಅದರ ಸಾಧನೆ 2898 ರೇಟಿಂಗಿಗೆ ಸಮ ಎಂದು ಲೆಕ್ಕ ಹಾಕಿದರು. ಹತ್ತೇ ಆಟ, ಹಾಗಾಗಿ ಮೇಲೆ ಹೇಳಿದ ಅನುಮಾನ ಇಲ್ಲೂ ಇಟ್ಟುಕೊಳ್ಳಿ. ಆದರೂ ಅದು ನೋಡುತ್ತಿದ್ದುದು ಸೆಕೆಂಡಿಗೆ 20 ಸಾವಿರಕ್ಕಿಂತ ಕಡಿಮೆ ಸ್ಥಿತಿ. ಡೀಪ್ ಬ್ಲೂ ಅದರ ಹತ್ತು ಸಾವಿರ ಪಟ್ಟು ನೋಡುತ್ತಿತ್ತು. ಯಾವ ನಡೆಯನ್ನು ಆಳವಾಗಿ ನೋಡಬೇಕು, ಯಾವುದನ್ನು ಮೊದಲೇ ಬಿಟ್ಟುಬಿಡಬೇಕು ಎಂಬ ವಿವೇಕವನ್ನು ಪ್ರೋಗ್ರಾಂ ಬರೆಯುವವರು ಆ ಹೊತ್ತಿಗೆ ಕಲಿಸಿದ್ದರು.

ಇವತ್ತಿನ ಸ್ಟಾಕ್‌ಫಿಶ್ ಪ್ರೋಗ್ರಾಂ ಉಚಿತ, ಫೋನಿನಲ್ಲೂ ಸಿಗುತ್ತದೆ. 2013ರಿಂದ ಅದಕ್ಕೆ ಮಾಡುವ ಬದಲಾವಣೆಗಳನ್ನು ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ಸಾವಿರಾರು ಆಟ ಆಡಿಸಿ, ಪಾಸಾದರೆ ಒಳಗೆ ಸೇರಿಸುತ್ತಾರೆ. ಕೈಯಿಂದ ನಡೆ ಒತ್ತುತ್ತಿದ್ದ ಸ್ವೀಡನ್ನಿನವರ ಕೆಲಸವೇ, ಬೇರೆ ರೂಪದಲ್ಲಿ.

ಹಾಗಂತ ಫೋನಿಗೆ ಕುಂದಿಲ್ಲವೆಂದಲ್ಲ. ಬಹಳ ಹೊತ್ತು ಓಡಿಸಿದರೆ ಬಿಸಿಯಾಗಿ, ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬ್ಯಾಟರಿ ಇಳಿಯುತ್ತದೆ. ಅದೇ ಪ್ರೋಗ್ರಾಂ ದೊಡ್ಡ ಕಂಪ್ಯೂಟರಿನಲ್ಲಿ ಇನ್ನೂ ಬಲವಾಗಿ ಆಡುವುದು ನಿಜ. ಆದರೆ ತಾಲ್ಲೂಕು ಮಟ್ಟದ ಹುಡುಗಿಯ ತಪ್ಪು ಹಿಡಿಯಲು ಆ ಹೆಚ್ಚಿನ ಬಲ ಬೇಕಿಲ್ಲ.

ವಾರದ ನಂತರ ಅವರ ಮನೆಗೆ ಹೋಗಿ, ಹೋರಿ ಮಾರುವುದು ಬೇಡ, ಆ ದುಡ್ಡಲ್ಲಿ ಸ್ವಲ್ಪ ಉಳಿಸಿ ಜಿಲ್ಲಾ ಪಂದ್ಯಗಳಿಗೆ ಕರೆದುಕೊಂಡು ಹೋಗಿ ಎಂದೆ. "ಮಾರದೇ ದುಡ್ಡು ಎಲ್ಲಿಂದ ಉಳಿಸೋದು ಸಾರ್" ಎಂದು ಅವರು ನಕ್ಕರು. ನಾನೂ ನಕ್ಕೆ, ನನ್ನ ಲೆಕ್ಕ ತಪ್ಪಿತ್ತು.

ಸ್ವೀಡನ್ ಕಥೆಯನ್ನು ಹುಡುಗಿ ಬಾಯಿ ಬಿಟ್ಟು ಕೇಳಿದಳು. ಹೋದ ತಿಂಗಳು ಫೋನ್ ಮಾಡಿದ್ದಳು. ಅಪ್ಪನ ಫೋನಿಗೊಂದು ಆ್ಯಪ್, ಅಮ್ಮನ ಫೋನಿಗೊಂದು ಆ್ಯಪ್ ಹಾಕಿ, ಇದರ ನಡೆ ಅದರಲ್ಲಿ ಒತ್ತಿ ಆಡಿಸುತ್ತಿದ್ದಾಳಂತೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ, 14 ಆಟಕ್ಕೆ 8-6.

"ಅಮ್ಮನ ಫೋನಿಂದು ಮುಂದಿದೆ ಅಂಕಲ್. ಆದ್ರೆ ಈಗಲೇ ಏನೂ ಹೇಳೋಕಾಗಲ್ಲ ಅಲ್ವಾ?"