ಎಡೆದೊರೆಯ ಅಂಚಿನ ವಿದ್ಯಾರ್ಥಿ ಜೀವನ

ಒಂದು ಸೀಮೆಯ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಲೆಗಳ ಸ್ಥಾಪನೆಯ ವರ್ಷಗಳನ್ನೂ, ಸ್ಥಾಪಕರ ನಾಮಾವಳಿಯನ್ನೂ, ಕಟ್ಟಡಗಳ ವಿಸ್ತಾರವನ್ನೂ ಕ್ರಮವಾಗಿ ನಿರೂಪಿಸಿ ತೃಪ್ತರಾಗುವುದುಂಟು. ಓದಲು ಬಂದ ಹುಡುಗನು ಎಲ್ಲಿ ಮಲಗಿದನು, ಯಾರ ಮನೆಯಲ್ಲಿ ಉಂಡನು, ಯಾವ ಹೊಳೆಯನ್ನು ದಾಟಿ ಬಂದನು, ಯಾವ ದೀಪದ ಬೆಳಕಿನಲ್ಲಿ ಓದಿದನು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಇಂದು ತೆಲಂಗಾಣಕ್ಕೆ ಸೇರಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ವಿಷಯದಲ್ಲಾದರೋ ಈ ಎರಡನೆಯ ಬಗೆಯ ಪ್ರಶ್ನೆಗಳೇ ಮುಖ್ಯವಾದುವು. ಏಕೆಂದರೆ ಇಲ್ಲಿ ವಿದ್ಯಾರ್ಥಿಯ ಸೌಕರ್ಯವೆಂಬುದು ಬಹುಕಾಲ ಶಾಲೆಯ ಗೋಡೆಗಳ ಒಳಗೆ ಇರಲೇ ಇಲ್ಲ. ಅದು ಊರಿನ ಮನೆಗಳಲ್ಲಿ, ಮಠಗಳಲ್ಲಿ, ನದೀತೀರಗಳಲ್ಲಿ, ಪರಊರಿನ ಬೋರ್ಡಿಂಗುಗಳಲ್ಲಿ ಹರಡಿಕೊಂಡಿದ್ದಿತು.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ನೆಲವನ್ನು ನಮ್ಮ ಪೂರ್ವಿಕರು ಎಡೆದೊರೆಯೆಂದು ಕರೆದರು. ಅದರ ಪೂರ್ವಭಾಗದಲ್ಲಿ ಗದ್ವಾಲವಿದೆ. ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋದರೆ ಮಕ್ತಲ್, ಅಲ್ಲಿಂದ ಮುಂದೆ ನಾರಾಯಣಪೇಟೆ. ಭೀಮೆಯು ಬಂದು ಕೃಷ್ಣೆಯನ್ನು ಕೂಡುವ ತಂಗಿಡಿಯ ಸಂಗಮ, ದತ್ತಸಂಪ್ರದಾಯದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರವಪುರದ ನಡುಗಡ್ಡೆ, ಸಹಸ್ರಾರು ವರ್ಷಗಳ ಹಿಂದೆ ಜನರು ನಿಲ್ಲಿಸಿ ಹೋದ ಮುಡುಮಾಲಿನ ನಿಲುಗಲ್ಲುಗಳು, ಇವೆಲ್ಲ ಈ ಸೀಮೆಯೊಳಗಿನವು. ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿಯ ಸಂತೆಯಲ್ಲಿ ಒಂದೇ ಬಾಯಿಯಿಂದ ಹೊರಡುವುದು ಅಪೂರ್ವವಲ್ಲ. ನಾರಾಯಣಪೇಟೆಯಲ್ಲಿ ಮರಾಠಿಯೂ ಅವುಗಳ ಜೊತೆಗೂಡುತ್ತದೆ.

ಸರ್ಕಾರದ ಶಾಲೆಗಳು ಬರುವುದಕ್ಕೆ ಮುಂಚೆ ಇಲ್ಲಿಯ ಕನ್ನಡದ ಹುಡುಗರಿಗೆ ಇದ್ದುದು ಐಗಳ ಸಾಲಿ. ಗುಡಿಯ ಪಡಸಾಲೆಯೋ ಮಠದ ಕಟ್ಟೆಯೋ ಸ್ಥಿತಿವಂತರ ಮನೆಯ ಜಗುಲಿಯೋ ಅದರ ಕಟ್ಟಡ. ನೆಲದ ಮೇಲೆ ಹರಡಿದ ಮರಳೇ ಮೊದಲನೆಯ ಪುಸ್ತಕ. ಬೆರಳಿನಿಂದ ಮರಳಿನ ಮೇಲೆ ತಿದ್ದಿ ತಿದ್ದಿ ಅಕ್ಷರ ಕುದುರಿದ ತರುವಾಯ ಹುಡುಗನಿಗೆ ಕಡತ ದೊರೆಯುತ್ತಿದ್ದಿತು. ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಕಪ್ಪನ್ನೂ ಬಳಿದು ಒಣಗಿಸಿ ಮಡಿಚಿದ ಆ ಕಡತವನ್ನು ತಯಾರಿಸುವ ಕೆಲಸವೂ ವಿದ್ಯಾಭ್ಯಾಸದ ಒಂದು ಅಂಗವೇ ಆಗಿದ್ದಿತು. ಬಳಪದಿಂದ ಬರೆಯುವುದು, ಮಗ್ಗಿಗಳನ್ನು ರಾಗವಾಗಿ ಹೇಳುವುದು, ಲೇವಾದೇವಿಯ ಲೆಕ್ಕ, ಕಾಗದ ಪತ್ರಗಳ ಒಕ್ಕಣೆ, ಇಷ್ಟು ಸಾಧಿಸಿದವನು ಊರಿನ ವ್ಯವಹಾರಕ್ಕೆ ಸಾಕಾದನೆಂದು ಭಾವಿಸುತ್ತಿದ್ದರು. ಐಗಳಿಗೆ ತಿಂಗಳ ಸಂಬಳವಿಲ್ಲ. ಸುಗ್ಗಿಯಲ್ಲಿ ಜೋಳ, ಹಬ್ಬದಲ್ಲಿ ದಕ್ಷಿಣೆ. ಮಹಾನವಮಿಯ ದಿನಗಳಲ್ಲಿ ಹುಡುಗರು ಕೋಲು ಹಿಡಿದು ಮನೆಮನೆಯ ಮುಂದೆ ಪದ ಹಾಡಿ ಗುರುಗಳಿಗಾಗಿ ಕಾಣಿಕೆಯನ್ನು ಕೂಡಿಸುತ್ತಿದ್ದರು. ತಪ್ಪಿದವರಿಗೆ ಹಗ್ಗದಿಂದ ತೂಗುಹಾಕುವ ಕೋದಂಡದಂಥ ಕ್ರೂರ ಶಿಕ್ಷೆಗಳೂ ಇದ್ದುವೆಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ನ್ಯಾಯವಲ್ಲ.

ಇದಕ್ಕಿಂತ ಹೆಚ್ಚಿನ ವಿದ್ಯೆಯನ್ನು ಬಯಸಿ ತನ್ನ ಊರನ್ನು ಬಿಟ್ಟುಬಂದ ಹುಡುಗನಿಗೆ ವಾರಾನ್ನವೇ ಆಧಾರ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು, ಹೀಗೆ ಏಳು ಮನೆಗಳು ಗೊತ್ತಾದರೆ ಅವನ ವಾರ ತುಂಬಿತು. ಆರೇ ದೊರೆತರೆ ಏಳನೆಯ ದಿನ ಮನೆಮನೆಯ ಭಿಕ್ಷೆಯಾದ ಮಧುಕರಿ ಇಲ್ಲವೆ ಉಪವಾಸ. ವೀರಶೈವ ಮಠಗಳಲ್ಲಿ ಜೋಳಿಗೆಯ ಭಿಕ್ಷೆಯಿಂದ ಬಂದ ರೊಟ್ಟಿ ಅಂಬಲಿಗಳು ವಟುಗಳ ಹೊಟ್ಟೆಯನ್ನು ತುಂಬುತ್ತಿದ್ದುವು. ಹದಿನೆಂಟನೆಯ ಶತಮಾನದಲ್ಲಿ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲಸಿದ್ದ ಗೋಪಾಲದಾಸರನ್ನು ಅರಸಿಕೊಂಡು ಮಾನವಿಯ ಜಗನ್ನಾಥದಾಸರು ಬಂದುದನ್ನು ದಾಸಸಾಹಿತ್ಯವನ್ನು ಬಲ್ಲವರೆಲ್ಲರೂ ಅರಿತಿದ್ದಾರೆ. ಸಂಸ್ಕೃತ ಪಾಂಡಿತ್ಯದಲ್ಲಿ ಪ್ರೌಢರಾಗಿದ್ದವರೇ ಕನ್ನಡದ ಪದಗಳನ್ನು ಹಾಡುವ ಗುರುವಿನ ಬಾಗಿಲಿಗೆ ಶಿಷ್ಯರಾಗಿ ಬಂದರೆಂದ ಮೇಲೆ, ಈ ನೆಲದಲ್ಲಿ ಕನ್ನಡದ ಕಲಿಕೆಯು ನಿನ್ನೆ ಮೊನ್ನೆಯದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಗದ್ವಾಲಕ್ಕೆ ಇನ್ನೊಂದು ಮುಖವೂ ಇದ್ದಿತು. ಸೋಮನಾದ್ರಿಯೆಂದು ಪ್ರಸಿದ್ಧನಾದ ಸೋಮಭೂಪಾಲನು ಕಟ್ಟಿಸಿದ ಕೋಟೆಯನ್ನು ಕೇಂದ್ರವಾಗಿ ಮಾಡಿಕೊಂಡು ಬೆಳೆದ ಆ ಸಂಸ್ಥಾನವು ಪಂಡಿತರಿಗೆ ಕೊಟ್ಟ ಆಶ್ರಯದಿಂದ ‘ವಿದ್ವದ್ಗದ್ವಾಲ’ವೆಂದೇ ಕೀರ್ತಿವಡೆಯಿತು. ದೂರದೂರದ ವಿದ್ವಾಂಸರೂ ಕವಿಗಳೂ ಅಲ್ಲಿಯ ಸಭೆಗೆ ಬಂದು ತಮ್ಮ ಪಾಂಡಿತ್ಯವನ್ನು ಮೆರೆದು ಸಂಭಾವನೆ ಪಡೆದು ಹಿಂದಿರುಗುತ್ತಿದ್ದರು. ಅವರ ಹಿಂದೆ ಗಂಟು ಹೊತ್ತು ನಡೆದುಬಂದ ಶಿಷ್ಯರಿಗೆ ಆ ವಾದ ಪ್ರತಿವಾದಗಳೇ ಪಾಠವಾಗುತ್ತಿದ್ದುವು. ಈ ಸೌಕರ್ಯಗಳೆಲ್ಲ ಕೆಲವೇ ಜಾತಿಗಳ ಗಂಡುಮಕ್ಕಳಿಗೆ ಮೀಸಲಾಗಿದ್ದುವೆಂಬ ಮಾತನ್ನೂ ಇಲ್ಲಿಯೇ ಹೇಳಬೇಕು. ಹೆಣ್ಣುಮಕ್ಕಳಿಗೆ ಜಗುಲಿಯ ಮರಳೂ ದೊರೆಯಲಿಲ್ಲ. ಹೊಲೆಯ ಮಾದಿಗರ ಕೇರಿಯ ಹುಡುಗನಿಗೆ ವಾರಾನ್ನದ ಮನೆಯೂ ಇರಲಿಲ್ಲ.

ನಾರಾಯಣಪೇಟೆಯ ನೇಕಾರರ ಮಕ್ಕಳು ಬೇರೊಂದು ಶಾಲೆಯಲ್ಲಿ ಕಲಿತರು. ಶಿವಾಜಿಯ ದಂಡಿನೊಡನೆ ಬಂದ ನೇಕಾರರು ಇಲ್ಲಿಯೇ ನಿಂತರೆಂಬುದು ಆ ಪಟ್ಟಣದ ಪ್ರತೀತಿ. ಅದರ ಸತ್ಯಾಸತ್ಯತೆ ಹೇಗಾದರೂ ಇರಲಿ, ನಾರಾಯಣಪೇಟೆಯ ಸೀರೆ ದಖ್ಖನದಾದ್ಯಂತ ಹೆಸರಾದದ್ದು ಮಾತ್ರ ನಿಜ. ಮಗ್ಗದ ಮನೆಯಲ್ಲಿ ಹುಟ್ಟಿದ ಮಗುವು ಮೊದಲು ಕಂಡಿಕೆ ಸುತ್ತಲು ಕಲಿಯುತ್ತದೆ, ಆಮೇಲೆ ಹಾಸಿನ ಎಳೆಗಳನ್ನು ಎಣಿಸಲು, ಕಟ್ಟಕಡೆಗೆ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿಯನ್ನು ಹಾಯಿಸಲು. ಎಳೆಗಳ ಲೆಕ್ಕವೇ ಅವರ ಗಣಿತ, ಬಣ್ಣದ ಬಾನಿಯೇ ಅವರ ರಸಾಯನ. ಆ ವಿದ್ಯೆ ಹೊಟ್ಟೆಗೆ ಅನ್ನವನ್ನು ಕೊಟ್ಟಿತು. ಆದರೆ ಮಗ್ಗದಿಂದ ಮಗುವನ್ನು ಎಬ್ಬಿಸಿ ಶಾಲೆಗೆ ಕಳುಹಿಸಿದರೆ ದಿನದ ದುಡಿಮೆ ಕುಂದುತ್ತಿದ್ದುದರಿಂದ ಅಕ್ಷರವು ಆ ಕೇರಿಗಳಿಗೆ ತಡವಾಗಿ ಬಂದಿತು.

ಈ ಸೀಮೆಯು ಸೇರಿದ್ದ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಸ್ಥಾನವನ್ನು ಉರ್ದು ಆಕ್ರಮಿಸಿತು. ಕಚೇರಿಯ ಭಾಷೆ ಬದಲಾದಂತೆ ಶಾಲೆಯ ಭಾಷೆಯೂ ಬದಲಾಯಿತು. ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂಬ ಮೂರು ಮೆಟ್ಟಿಲುಗಳ ಸರ್ಕಾರಿ ಮದರಸೆಗಳಲ್ಲಿ ಮೇಲಕ್ಕೇರಿದಷ್ಟೂ ಕನ್ನಡದ ಹುಡುಗನಿಗೆ ಮನೆಯ ಮಾತು ದೂರವಾಗುತ್ತಿದ್ದಿತು. ಕೆಳಗಿನ ತರಗತಿಗಳಲ್ಲಿ ಒಂದಿಷ್ಟು ಕನ್ನಡ ಇಲ್ಲವೆ ತೆಲುಗು ಕಲಿಯಲು ಎಡೆಯಿದ್ದರೂ ಭೂಗೋಳ, ಗಣಿತ, ಇತಿಹಾಸಗಳನ್ನು ಮೌಲವಿ ಸಾಹೇಬರ ಉರ್ದುವಿನಲ್ಲಿಯೇ ಬಾಯಿಪಾಠ ಮಾಡಬೇಕಾಗಿದ್ದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಆರಂಭವಾದಾಗ ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಟ್ಟ ಸಾಹಸವೆಂದು ಹೊರಗಿನವರು ಅದನ್ನು ಕೊಂಡಾಡಿದರು. ಆ ಕೊಂಡಾಟ ಅನುಚಿತವೂ ಅಲ್ಲ. ಆದರೆ ಆ ಸಂಸ್ಥಾನದ ಪ್ರಜೆಗಳಲ್ಲಿ ಬಹುಸಂಖ್ಯಾಕರ ದೇಶಭಾಷೆ ತೆಲುಗು, ಮರಾಠಿ ಅಥವಾ ಕನ್ನಡವಾಗಿದ್ದಿತು. ಖಾಸಗಿಯಾಗಿ ಶಾಲೆ ತೆರೆಯುವೆನೆಂದರೂ ಸರ್ಕಾರದ ಅನುಮತಿ ಬೇಕು, ಅನುಮತಿ ಸುಲಭಸಾಧ್ಯವಲ್ಲ.

ಇಂತಿರಲು ಮುಂದೆ ಓದಬಯಸಿದ ಹುಡುಗನು ಊರು ಬಿಡುವುದು ಅನಿವಾರ್ಯವಾಯಿತು. ಗದ್ವಾಲದವರಿಗೂ ಮಕ್ತಲಿನವರಿಗೂ ಹತ್ತಿರದ ದೊಡ್ಡ ಊರು ರಾಯಚೂರು. ಮುಂಬಯಿ ಕಡೆಯ ರೈಲುದಾರಿಯೂ ಮದರಾಸಿನ ಕಡೆಯದೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಮಕ್ತಲಿನ ಕಡೆಯಿಂದ ಕೃಷ್ಣಾ ಸ್ಟೇಷನ್ನಿಗೆ ನಡೆದುಬಂದವರು ಗಾಡಿ ಹತ್ತಿ ಹೊಳೆ ದಾಟಬಹುದಾಗಿದ್ದಿತು. ಟಿಕೀಟಿಗೆ ಕಾಸಿಲ್ಲದವರು ಹರಿಗೋಲನ್ನೇ ನಂಬಬೇಕು. ದೇವಸೂಗೂರಿನ ಬಳಿ ನಿಜಾಮ ಸರ್ಕಾರವು ಕೃಷ್ಣೆಗೆ ಕಟ್ಟಿದ ‘ಸಿರಾತ್-ಎ-ಜೂದಿ’ ಸೇತುವೆಯು ಬರುವವರೆಗೆ ಮಳೆಗಾಲದ ಪ್ರವಾಹವು ವಿದ್ಯಾರ್ಥಿಗಳ ರಜೆಯನ್ನು ತಾನೇ ನಿಶ್ಚಯಿಸುತ್ತಿದ್ದಿತು. ಹೋಗುವವನ ಹೆಗಲ ಮೇಲೆ ಒಂದು ಜೋಳದ ಚೀಲ, ಕೈಯಲ್ಲಿ ಶೇಂಗಾ ಹಿಂಡಿಯ ಬುತ್ತಿ. ಪಟ್ಟಣದಲ್ಲಿ ನಾಲ್ಕೈದು ಮಂದಿ ಸೇರಿ ಹಿಡಿದ ಕೋಣೆಯಲ್ಲಿ ಸರದಿಯಂತೆ ರೊಟ್ಟಿ ಬಡಿಯುವುದು, ಒಂದು ಕಂದೀಲಿನ ಸುತ್ತ ಕುಳಿತು ಓದುವುದು, ಬಾವಿಯ ನೀರು ಸೇದಿ ಬಟ್ಟೆ ಒಗೆಯುವುದು, ಇದೇ ಅವರ ದಿನಚರಿ. ಸಂಸ್ಥಾನದ ಗಡಿ ದಾಟಿ ಧಾರವಾಡಕ್ಕೋ ಸೊಲ್ಲಾಪುರಕ್ಕೋ ಹೋದವರಿಗೆ ನಾಣ್ಯದ ಕಷ್ಟವೂ ಸೇರಿಕೊಂಡಿತು: ತಂದೆ ಕಳುಹಿಸಿದ ನಿಜಾಮರ ಏಳು ಹಾಲಿ ಸಿಕ್ಕಾ ರೂಪಾಯಿಗಳು ಅಲ್ಲಿ ಬ್ರಿಟಿಷರ ಆರು ಕಲ್ದಾರ ರೂಪಾಯಿಗಳಾಗಿ ಕುಗ್ಗುತ್ತಿದ್ದುವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಂಥ ಸ್ಥಾನಗಳಿಲ್ಲದಿದ್ದರೆ ಎಷ್ಟೋ ಬಡ ಹುಡುಗರ ಓದು ಅರ್ಧಕ್ಕೆ ನಿಲ್ಲುತ್ತಿದ್ದಿತು. ವನಪರ್ತಿ ಸೀಮೆಯಲ್ಲಿ ಜನಿಸಿ ಹೈದರಾಬಾದಿನ ಪೊಲೀಸ್ ಮುಖ್ಯಸ್ಥನಾದ ಕೊತ್ವಾಲನ ಪದವಿಗೇರಿದ ರಾಜಾ ಬಹಾದ್ದೂರ್ ವೆಂಕಟರಾಮ ರೆಡ್ಡಿಯವರ ಪ್ರಯತ್ನದಿಂದ 1918ರಲ್ಲಿ ಅಲ್ಲಿ ರೆಡ್ಡಿ ಹಾಸ್ಟೆಲು ತೆರೆಯಿತು. ಕನ್ನಡಿಗರ ನೃಪತುಂಗ ಶಾಲೆಯೂ ಅದೇ ನಗರದಲ್ಲಿ ತಲೆಯೆತ್ತಿತು. ಕಲಬುರ್ಗಿಯಲ್ಲಿ 1907ರಿಂದಲೇ ನೂತನ ವಿದ್ಯಾಲಯವಿದ್ದಿತು.

ರಾಯಚೂರಿನ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದ ಪಂಡಿತ ತಾರಾನಾಥರ ಹೆಸರನ್ನು ಇಲ್ಲಿ ಪ್ರತ್ಯೇಕವಾಗಿ ಸ್ಮರಿಸಬೇಕು. ಮಂಗಳೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಓದಿದ ಅವರು ಆಯುರ್ವೇದ, ಸಂಗೀತ, ಯೋಗ, ನಾಟಕ, ಸಮಾಜಸುಧಾರಣೆ ಇವೆಲ್ಲವನ್ನೂ ಒಂದೇ ಬಾಳಿನಲ್ಲಿ ಕೂಡಿಸಿದವರು. ರಾಯಚೂರಿನ ದಕ್ಷಿಣಕ್ಕೆ ತುಂಗಭದ್ರೆಯ ತೀರದಲ್ಲಿ ಅವರು ನೆಲೆಗೊಳಿಸಿದ ಪ್ರೇಮಾಯತನವು ಆಶ್ರಮವೂ ಆಗಿದ್ದಿತು, ಚಿಕಿತ್ಸಾಲಯವೂ ಆಗಿದ್ದಿತು, ಕಲಿಕೆಯ ಮನೆಯೂ ಆಗಿದ್ದಿತು. ಜಾತಿಭೇದವನ್ನು ಹೊರಗಿಟ್ಟು, ನದಿ ಗಿಡಮೂಲಿಕೆ ದೇಹಶ್ರಮಗಳನ್ನೇ ಪಠ್ಯವನ್ನಾಗಿ ಮಾಡಿಕೊಂಡು ನಡೆದ ಆ ಪ್ರಯೋಗವು ಇಂದಿನವರು ಪರಿಸರ ಶಿಕ್ಷಣವೆಂದು ಕರೆಯುವುದಕ್ಕೆ ನಮ್ಮ ಭಾಗದಲ್ಲಿ ಮೊದಲಿನ ಮಾದರಿಯೆಂದರೆ ಅತ್ಯುಕ್ತಿಯಲ್ಲ. ತಾರಾನಾಥರು 1942ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೊತ್ತ ಶಿಕ್ಷಣ ಸಂಸ್ಥೆಯು ರಾಯಚೂರಿನಲ್ಲಿ ಉಳಿಯಿತು. ನದೀತೀರದ ಆ ಬಗೆಯ ಕಲಿಕೆ ಮುಂದುವರಿಯಲಿಲ್ಲ.

ಬೋರ್ಡಿಂಗುಗಳು ಅನ್ನ ವಸತಿಗಳನ್ನಷ್ಟೇ ಕೊಡಲಿಲ್ಲ, ಧೈರ್ಯವನ್ನೂ ಕೊಟ್ಟುವು. 1938ರಲ್ಲಿ ಉಸ್ಮಾನಿಯಾದ ವಸತಿನಿಲಯಗಳಲ್ಲಿ ಹುಡುಗರು ‘ವಂದೇ ಮಾತರಂ’ ಹಾಡಿದುದಕ್ಕಾಗಿ ಹೊರದೂಡಲ್ಪಟ್ಟಾಗ, ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದನ್ನು ಮುಂದುವರಿಸಿದರು. ಹಾಡೊಂದನ್ನು ಬಿಡುವುದಕ್ಕಿಂತ ಊರನ್ನೇ ಬಿಡುವುದು ಲೇಸೆಂದು ಬಗೆದ ಆ ತಲೆಮಾರಿನವರು 1948ರ ಸೆಪ್ಟೆಂಬರಿನಲ್ಲಿ ನಿಜಾಮ ಆಳ್ವಿಕೆಯ ಅಂತ್ಯವನ್ನು ಕಂಡರು. ತರುವಾಯ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು.

1956ನೆಯ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಉದಯಿಸಿದುವು. ಕನ್ನಡಿಗರಿಗೆ ಅದು ಹರ್ಷದ ದಿನ. ಈ ಸೀಮೆಯವರಿಗೆ ಹರ್ಷವಿಷಾದಗಳೆರಡೂ ಬೆರೆತ ದಿನ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದಲೂ, ಕೊಡಂಗಲ್ ಮತ್ತು ತಾಂಡೂರುಗಳು ಕಲಬುರ್ಗಿ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿದುವು. ಆ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್ ನಾರಾಯಣಪೇಟೆಗಳಿಗೆ ಜಿಲ್ಲೆ ಬದಲಾಗಲಿಲ್ಲವಾದರೂ ಹೊಳೆಯಾಚೆಯ ರಾಯಚೂರು ಪರರಾಜ್ಯವಾಯಿತು. ಸಂತೆ, ಬೀಗತನ, ಜಾತ್ರೆಗಳು ಗಡಿಯ ಗೆರೆಯನ್ನು ಲೆಕ್ಕಿಸಲಿಲ್ಲ. ವಿದ್ಯಾರ್ಥಿಗೆ ಮಾತ್ರ ಗೆರೆ ಗೋಚರವಾಯಿತು. ಪ್ರವೇಶಪತ್ರ, ವಿದ್ಯಾರ್ಥಿವೇತನ, ವಸತಿನಿಲಯ, ಸರ್ಕಾರಿ ನೌಕರಿ, ಎಲ್ಲಕ್ಕೂ ಅವನು ಯಾವ ರಾಜ್ಯದವನೆಂಬ ಪ್ರಶ್ನೆ ಎದುರಾಯಿತು.

ಆ ಬಳಿಕ ಸೌಕರ್ಯಗಳು ಬೆಳೆದುವೆಂಬುದನ್ನು ಅಲ್ಲಗಳೆಯಲಾಗದು. ಗದ್ವಾಲದ ಕೊನೆಯ ರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರಿನ ಸರ್ಕಾರಿ ಪದವಿ ಕಾಲೇಜು ಹಳೆಯ ಕೋಟೆಯ ಆವರಣದಲ್ಲಿ ನಡೆದುಬಂದಿದೆ. ಒಮ್ಮೆ ಪಂಡಿತರ ಸಭೆಗಳಿಗೆ ಹೆಸರಾಗಿದ್ದ ಕಡೆ ಕೂಲಿಕಾರರ ಹೆಣ್ಣುಮಕ್ಕಳು ಇಂದು ಪದವಿಗೆ ಓದುತ್ತಾರೆ. 2008ರಲ್ಲಿ ಮಹಬೂಬನಗರದಲ್ಲಿ ಪಾಲಮೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. 2013ರಲ್ಲಿ ಗದ್ವಾಲದಿಂದ ರಾಯಚೂರಿಗೆ ರೈಲುದಾರಿ ತೆರೆಯಿತು. 2023ರ ಅಕ್ಟೋಬರಿನಲ್ಲಿ ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿಲೋಮೀಟರಿನ ಹೊಸ ಮಾರ್ಗ ಲೋಕಾರ್ಪಣೆಗೊಂಡು ಮಕ್ತಲಿನವರೂ ತಮ್ಮ ಊರಿನಲ್ಲಿಯೇ ಗಾಡಿ ಹತ್ತುವಂತಾಯಿತು. ಕೃಷ್ಣಾ, ಮಾಗನೂರು ಮಂಡಲಗಳ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ತೆಲಂಗಾಣದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಹಕ್ಕು ಆ ಮಕ್ಕಳಿಗೆ ಇದೆ. ಆದರೆ ಹತ್ತನ್ನು ಮುಗಿಸಿದ ಮರುದಿನ ಅವರ ಮುಂದೆ ನಿಲ್ಲುವುದು ಅಜ್ಜಂದಿರು ಕಂಡ ಪ್ರಶ್ನೆಯೇ: ಗಡಿ ದಾಟಿ ರಾಯಚೂರು ಯಾದಗಿರಿಗಳಿಗೆ ಹೋಗುವುದೋ, ಇಲ್ಲಿಯೇ ನಿಂತು ಭಾಷೆಯನ್ನು ಬದಲಾಯಿಸುವುದೋ?

ಈ ಚರಿತ್ರೆಯು ಕಲಿಸುವ ನೀತಿ ಒಂದುಂಟು. ಇಲ್ಲಿಯ ವಿದ್ಯೆಯು ಬಾಳಿದುದು ಊರು ತನ್ನ ವಿದ್ಯಾರ್ಥಿಯನ್ನು ತಾನೇ ಸಾಕಿದಾಗ. ಕುಂದಿದುದು ಕಲಿಕೆಯ ಮಾತೂ ಕಲಿಯುವವನ ನೆಲವೂ ಬೇರೆಬೇರೆಯಾದಾಗ. ಎರಡು ಮಹಾನದಿಗಳ ಸಂಗಮ, ಜುರಾಲದ ಜಲಾಶಯ, 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದ ಮುಡುಮಾಲಿನ ನಿಲುಗಲ್ಲುಗಳು, ಮಳೆಯಾಶ್ರಯದ ಎರೆಹೊಲಗಳು, ಬಣ್ಣ ನೂಲುಗಳ ಕಸುಬು, ಇಷ್ಟು ಪಾಠೋಪಕರಣಗಳು ಒಂದೆಡೆ ಸಿದ್ಧವಾಗಿರುವ ಸೀಮೆಗಳು ನಾಡಿನಲ್ಲಿ ಹೆಚ್ಚಿಲ್ಲ. ಪರಿಸರವನ್ನೂ ಗ್ರಾಮಜೀವನವನ್ನೂ ಕಲಿಸುವ ಸಣ್ಣದೊಂದು ಕಾಲೇಜನ್ನು ಕೃಷ್ಣೆಯ ದಡದ ಹಳ್ಳಿಯೊಂದರಲ್ಲಿ ಕನ್ನಡ ತೆಲುಗುಗಳೆರಡರಲ್ಲಿಯೂ ನಡೆಸುವುದು ಅಸಾಧ್ಯದ ಕಾರ್ಯವೇನೂ ಅಲ್ಲ. ಅದಕ್ಕೆ ಮೊದಲು ಒಂದು ವಸತಿನಿಲಯವಾದರೂ ಬೇಕು. ಏಳು ಮನೆಗಳ ಅನ್ನದಿಂದ ಒಬ್ಬ ಹುಡುಗನನ್ನು ಓದಿಸಿದ ಜನರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ವಿವರಿಸಬೇಕಾಗಿರುವುದು ಗೆರೆಯ ಎರಡೂ ಕಡೆಯ ಸರ್ಕಾರಗಳಿಗೆ, ಮತ್ತು ಆ ಕೆಲಸವನ್ನು ಈ ಸೀಮೆಯ ವಿದ್ಯಾವಂತರೇ ಒಗ್ಗೂಡಿ ಕೈಗೊಳ್ಳಬೇಕು.