ರಿವೆಟ್ಟಿನಿಂದ ಬೋಲ್ಟಿಗೆ: ಚಿತ್ರದುರ್ಗ ಸೀಮೆಯ ಒಂದು ಕಾಣದ ಚರಿತ್ರೆ

ಕದಂಬ ಮಯೂರಶರ್ಮನು ಚಂದ್ರವಳ್ಳಿಯ ಬಂಡೆಯ ಮೇಲೆ ಕೆರೆಯ ಕಾರ್ಯವನ್ನು ಬರೆಯಿಸಿದನು. ಆದುದರಿಂದಲೇ ಅದು ನಮಗಿಂದು ತಿಳಿದಿದೆ. ಉಕ್ಕಿನ ಕಾರ್ಯಗಳಿಗೆ ಇಂತಹ ಶಾಸನವುಂಟೆ?

19ನೆಯ ಶತಮಾನದ ಕೊನೆಗೆ ಹೊಸದುರ್ಗ ರೋಡ್, ಹೊಳಲ್ಕೆರೆಗಳ ಮಾರ್ಗವಾಗಿ ರೈಲು ಬಂದಿತು. ಆ ಕಾಲದಲ್ಲಿ ಉಕ್ಕಿನ ಸೇತುವೆಗಳನ್ನು ರಿವೆಟ್ಟುಗಳಿಂದ ಜೋಡಿಸುತ್ತಿದ್ದರು. ಕೆಂಪಗೆ ಕಾಯ್ದ ರಿವೆಟ್ಟು ಆರುವಾಗ ಕುಗ್ಗಿ ಫಲಕಗಳನ್ನು ಒತ್ತಿ ಹಿಡಿಯುತ್ತಿತ್ತು; ಆದರೆ ಆ ಬಿಗಿ ಎಲ್ಲೆಡೆಯೂ ಒಂದೇ ಸಮನಾಗಿರುತ್ತಿರಲಿಲ್ಲ. ಅಧಿಕಬಲದ ಬೋಲ್ಟುಗಳ ಮೊದಲ ನಿಯಮಾವಳಿ ಅಮೆರಿಕದಲ್ಲಿ 1951ರಲ್ಲಿ ಹೊರಟಿತು. ಭಾರತದ ಮಾನಕವಾದ ಐ.ಎಸ್. 4000 ಬಂದುದು 1967ರಲ್ಲಿ.

ನಟ್ಟನ್ನು ತಿರುಗಿಸಿದಂತೆ ಬೋಲ್ಟು ತುಸು ಹಿಗ್ಗಿ ಫಲಕಗಳನ್ನು ಅದುಮುತ್ತದೆ. ಆ ಅದುಮುವಿಕೆಯಲ್ಲಿಯೇ ಜೋಡಣೆಯ ಸತ್ವವಿದೆ. ಆದರೆ ತಿರುಗಿಸುವ ಶ್ರಮದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಎಳೆತವಾಗುತ್ತದೆ. ಉಳಿದುದನ್ನು ಘರ್ಷಣೆ ನುಂಗುತ್ತದೆ. ತುಕ್ಕು ಹಿಡಿದ ಬೋಲ್ಟು ಅಷ್ಟೇ ಶ್ರಮಕ್ಕೆ ಸಡಿಲವಾಗಿಯೇ ಉಳಿಯುತ್ತದೆ. ಆದುದರಿಂದ ಫಲಕಗಳು ಕೂಡುವಷ್ಟು ಮೊದಲು ಬಿಗಿದು, ಬಳಿಕ ನಟ್ಟನ್ನು ಗೊತ್ತಾದ ಅಳತೆಗೆ ತಿರುಗಿಸುವ ಪದ್ಧತಿ ರೂಢಿಗೆ ಬಂದಿತು.

ಇಂದು ಜೋಗಿಮಟ್ಟಿಯಲ್ಲಿಯೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳಲ್ಲಿಯೂ ಗಾಳಿಯಂತ್ರಗಳು ನಿಂತಿವೆ. ಕೊಳವೆಯಾಕಾರದ ಗೋಪುರಗಳ ತುಂಡುಗಳನ್ನು ಹಿಡಿದಿರುವುದೂ ಬೋಲ್ಟುಗಳೇ. ಬಿಗಿ ಸಡಿಲಿದರೆ ಗಾಳಿಯ ಒಂದೊಂದು ಹೊಡೆತವೂ ಬೋಲ್ಟನ್ನು ದಣಿಸಿ, ಕಡೆಗೆ ಬಿರುಕು ಹುಟ್ಟಿಸುತ್ತದೆ. ನೋಟಕ್ಕಾದರೋ ಬಿಗಿದುದೂ ಬಿಗಿಯದುದೂ ಒಂದೇ. ಯಾವ ದಿನ, ಎಷ್ಟು ಬಿಗಿಯಿತೆಂಬುದನ್ನು ಬರೆದಿಟ್ಟ ದಫ್ತರವೇ ಆ ಕಾಣದ ಕೆಲಸಕ್ಕೆ ಸಾಕ್ಷಿ. ಹಳೆಯ ಕಾಗದವೆಂದು ಅದನ್ನು ಎಸೆಯುವುದು ಶಾಸನವನ್ನು ಒಡೆದುದಕ್ಕೆ ಸಮಾನವೆಂದು ನಾವು ಭಾವಿಸುತ್ತೇವೆ.