ಬೇಕಲ ಕೋಟೆ ಮತ್ತು ಬಾಗಿಲಿನ ಮುಖ್ಯಪ್ರಾಣ

ಕಲ್ಯಾಣದ ಖಾಡಿಯ ದಂಡೆಯಲ್ಲಿರುವ ದುರ್ಗಾಡಿ ಕೋಟೆಯು ಠಾಣೆ, ಡೊಂಬಿವಲಿಗಳ ಭಕ್ತರಿಗೆ ಪರಿಚಿತವಾದದ್ದು. ದಿಬ್ಬದ ಮೇಲಿನ ದುರ್ಗಾದೇವಿಯ ದರ್ಶನಕ್ಕೆ ನವರಾತ್ರಿಯಲ್ಲಿ ಜನಸಾಗರವೇ ನೆರೆಯುತ್ತದೆ. ಹೀಗೆಯೇ ದೇವತಾಸಾನ್ನಿಧ್ಯವುಳ್ಳ, ಗಾತ್ರದಲ್ಲಿ ಇದಕ್ಕಿಂತ ಬಹು ದೊಡ್ಡದಾದ ಕಡಲತೀರದ ಕೋಟೆಯೊಂದು ಕಾಸರಗೋಡು ಜಿಲ್ಲೆಯಲ್ಲಿದೆ. ಅದೇ ಬೇಕಲ ಕೋಟೆ. ಅದರ ಬಾಗಿಲಲ್ಲಿ ನೆಲೆಸಿದವರು ಶ್ರೀ ಮುಖ್ಯಪ್ರಾಣದೇವರು.

ಕ್ರಿ.ಶ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕನು ಈ ಕೋಟೆಯನ್ನು ಕಟ್ಟಿಸಿದನೆಂದು ಪ್ರಸಿದ್ಧಿ. ಸಮುದ್ರದೊಳಕ್ಕೆ ಚಾಚಿದ ಗುಡ್ಡದ ಮೇಲೆ, ಸುಮಾರು 40 ಎಕರೆ ವಿಸ್ತಾರದಲ್ಲಿ, ಮುರಕಲ್ಲಿನಿಂದ ನಿರ್ಮಿತವಾದ ದುರ್ಗವಿದು. ಹೊರಗೋಡೆಯ ಕಂಡಿಗಳ ರಚನೆಯು ವಿಶಿಷ್ಟವಾದುದು. ಮೇಲಿನವು ದೂರದ ಶತ್ರುವಿಗೆ, ಅದರ ಕೆಳಗಿನವು ಸಮೀಪಿಸಿದವನಿಗೆ, ತೀರ ಕೆಳಗಿನವು ಗೋಡೆಯ ಬುಡಕ್ಕೆ ಬಂದವನಿಗೆ ಗುರಿಯಿಡಲು ಅನುಕೂಲವಾಗಿವೆ. ಒಳಗೆ ಮೆಟ್ಟಿಲುಗಳುಳ್ಳ ಕೊಳ, ಮದ್ದಿನ ಮನೆ, ಎತ್ತರವಾದ ವೀಕ್ಷಣಾ ಬುರುಜು ಇವೆ. ಕೋಟೆಯ ಬಾಗಿಲಿಗೆ ಆಂಜನೇಯನ ಕಾವಲಿರಿಸುವುದು ಕನ್ನಡ ನಾಡಿನ ಪ್ರಾಚೀನ ಪದ್ಧತಿ. ಶೈವರಾದ ಕೆಳದಿಯ ಅರಸರ ಈ ಕೋಟೆಯಲ್ಲಿಯೂ ಅದನ್ನು ಕಾಣಬಹುದು.

1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಬೇಕಲವೂ ಮೈಸೂರಿನ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ ಇದು ಮಲಬಾರಿನ ಯುದ್ಧಗಳಿಗೆ ಸೇನಾನೆಲೆಯಾಯಿತು. ಸಮೀಪದ ಮಸೀದಿಯನ್ನು ಅವನೇ ಕಟ್ಟಿಸಿದನೆಂಬ ಪ್ರತೀತಿಯಿದೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೋಟೆ ಈಸ್ಟ್ ಇಂಡಿಯಾ ಕಂಪನಿಗೆ ದಕ್ಕಿತು. ಶಸ್ತ್ರಗಳ ಸ್ಥಾನವನ್ನು ಕಡತಗಳು ಆಕ್ರಮಿಸಿದವು. ಬೇಕಲವು ತಾಲೂಕು ಕೇಂದ್ರವೆನಿಸಿತು. ಮುಂದೆ ಬೇಕಲದ ಬದಲಿಗೆ ಕಾಸರಗೋಡು ತಾಲೂಕು ಏರ್ಪಟ್ಟಾಗ ಆ ಗೌರವವೂ ಅಳಿಯಿತು. 1956ರ ನವೆಂಬರ್ 1ರಂದು ಈ ನೆಲವು ಕೇರಳಕ್ಕೆ ಸೇರಿತು.

ಈಗ ಕೋಟೆಯು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಉತ್ಖನನದಿಂದ ನಾಯಕರ ಹಾಗೂ ಟಿಪ್ಪುವಿನ ಕಾಲದ ಕಟ್ಟಡಗಳ ಅವಶೇಷಗಳು ಬೆಳಕಿಗೆ ಬಂದಿವೆ. 1992ರಲ್ಲಿ ಬೇಕಲವು ವಿಶೇಷ ಪ್ರವಾಸಿ ಕ್ಷೇತ್ರವೆಂದು ಘೋಷಿತವಾಯಿತು. 1995ರಲ್ಲಿ ತೆರೆಕಂಡ ಮಣಿರತ್ನಂ ಅವರ 'ಬಾಂಬೆ' ಚಿತ್ರದ ಹಾಡಿನಿಂದ ಇದು ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಹಾಡನ್ನು ಬಲ್ಲ ಎಳೆಯರಲ್ಲಿ ಕೋಟೆಯನ್ನು ಕಟ್ಟಿಸಿದ ಕನ್ನಡ ಅರಸನ ಹೆಸರನ್ನು ಬಲ್ಲವರು ವಿರಳ. ಮನೆಯ ಹಿರಿಯರು ಹೇಳದಿದ್ದರೆ ಅದು ಅವರಿಗೆ ತಿಳಿಯುವ ಬಗೆಯಾದರೂ ಯಾವುದು?

ಅರಸರ ಸೇನೆ ಹೋಯಿತು, ಕಂಪನಿಯ ಕಚೇರಿಯೂ ಹೋಯಿತು. ಬಾಗಿಲಿನ ಮುಖ್ಯಪ್ರಾಣನ ಪೂಜೆ ಮಾತ್ರ ಇಂದಿಗೂ ನಡೆಯುತ್ತಿದೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡ ಮೇಲೆ ಮುಂಬಯಿಯ ಭಕ್ತರಿಗೆ ಕಾಸರಗೋಡಿನ ದಾರಿ ಸುಗಮವಾಗಿದೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಬೇಕಲಕ್ಕೆ ಹೋಗಿ, ಮೊದಲು ಪ್ರಾಣದೇವರಿಗೆ ನಮಿಸಿ, ಬಳಿಕ ಕೋಟೆಯ ಚರಿತ್ರೆಯನ್ನು ಅವರಿಗೆ ಹೇಳುವುದು ಹಿರಿಯರ ಕರ್ತವ್ಯ.